ಅಧ್ಯಕ್ಷರ ಹುಬ್ಬಳ್ಳಿ ಮನಿ

ಮೈಕಿನ ಗುಂಡಿ ಒತ್ತುವುದು ಭೀಮಶಿಗೆ ಎಂದೂ ಮರೆಯುತ್ತಿರಲಿಲ್ಲ. ಆವತ್ತು ಬಂದ್ ಮಾಡುವುದು ಮರೆಯಿತು.

ಪಂಚಾಯ್ತಿಯಲ್ಲಿ ಹನ್ನೊಂದು ವರ್ಷ ಊರಿಗೆ ನೀರು ಬಿಟ್ಟವನು. ನೌಕರಿ ಕಾಯಂ ಮಾಡುವ ಕಾಗದಕ್ಕೆ ಅಧ್ಯಕ್ಷ ಕುಬೇರಪ್ಪ ಆವತ್ತೇ ಸಹಿ ಹಾಕುವುದಿತ್ತು. ಬೆಳಿಗ್ಗೆ ಪಂಚಾಯ್ತಿ ಕಚೇರಿಯ ಮೈಕಿನಲ್ಲಿ, "ಕೆಳಗಿನ ಓಣಿಗೆ ನೀರು ಬಿಟ್ಟೀವ್ರಿ, ಲಗೂನ ಹಿಡ್ಕೋರಿ," ಎಂದು ಕೂಗಿ ಮುಗಿಸಿದ. ಅಷ್ಟರಲ್ಲಿ ಗೆಳೆಯ ಯಾಕೂಬಸಾಬ ಚಹಾ ಹಿಡಿದು ಬಾಗಿಲಿಗೆ ಬಂದ.

"ನಿನ್ನೆ ಮೊಬೈಲ್‌ನ್ಯಾಗ ನೋಡಿದ ಸಿನಿಮಾ ಹೆಂಗಿತ್ತಲೇ?"

ಬಾಗಿಲ ಹತ್ತಿರದ ಪ್ರಶ್ನೆ ಮೈಕಿಗೆ ಮುಟ್ಟಲಿಲ್ಲ. ಉತ್ತರ ಮಾತ್ರ ಊರಿಗೆಲ್ಲ ಮುಟ್ಟಿತು. ಭೀಮಶಿಗೆ ಸಿನಿಮಾ ಅಂದರೆ ಜೀವ. ಕೆಟ್ಟ ಸಿನಿಮಾ ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

"ಥೂ, ಅದರ ಹೆಸರ ಎತ್ತಬ್ಯಾಡ! ಆ ಅಧ್ಯಕ್ಷಗ ನಾಚಿಕಿ ಐತೇನ? ಹೆಂಡ್ತಿಗೆ ಗೊತ್ತಿಲ್ಲದಂಗ ಹುಬ್ಬಳ್ಳ್ಯಾಗ ಇನ್ನೊಂದು ಮನಿ ಮಾಡ್ಯಾನ! ಆ ಮುದಿಕಿ ಬ್ಯಾರೆ! ಮೊಣಕಾಲ ಬ್ಯಾನಿ ಅಂತ ಸೊಸಿ ಕಡೆ ಕಾಲ ಒತ್ತಿಸಿಕೊಂತಾಳ, ಯಾರೂ ಇಲ್ಲದಾಗ ನಿಚ್ಚಣಿಕಿ ಏರಿ ಬೆಲ್ಲ ಕದ್ದು ತಿಂತಾಳ! ಇಬ್ಬರನ್ನೂ ಮೊದಲಿಗೇ ಕೊಂದು ಹಾಕಿದ್ರ ನಾವರ ಉಳೀತಿದ್ವಿ!"

ಚಹಾ ಕುಡಿದು ಮುಗಿಯುವಷ್ಟರಲ್ಲಿ, ಮೊಣಕಾಲು ನೋವೆಂದು ಕೋಲೂರಿ ನಡೆಯುವ ಊರಿನ ಮುದುಕಿ ಬಸವಣ್ಣೆವ್ವ ಓಡಿ ಬಂದಳು. ಹೌದು, ಓಡಿಯೇ ಬಂದಳು. ಕೋಲು ಮನೆಯಲ್ಲೇ ಉಳಿದಿತ್ತು.

"ಎಲ್ಲಿ ಅದಾನ ಆ ಮೂಳ? ನಾ ಬೆಲ್ಲ ತಿಂದದ್ದು ನೀ ಯಾವಾಗ ನೋಡಿದಿ? ಸೊಸಿ ಇನ್ನ ಕಾಲ ಮುಟ್ಟೂದಿಲ್ಲ ಅಂತ ಕುಂತಾಳ!"

ಹಿಂದೆಯೇ ಕುಬೇರಪ್ಪ. ಅಂಗಿಯ ಗುಂಡಿಗಳು ಒಂದಕ್ಕೊಂದು ತಪ್ಪಿದ್ದವು. "ನನ್ನ ಹೆಂಡ್ತಿ ಅನ್ನಪೂರ್ಣಾ ಬಾಗಲಾ ಹಾಕ್ಯಾಳಲೇ! ಹುಬ್ಬಳ್ಳಿ ಮನಿ ವಿಳಾಸ ಹೇಳಿದ್ರ ಒಳಗ ಬರ್ರಿ ಅಂತಾಳ. ಇಲ್ಲದ ಮನಿಗೆ ಯಾವ ವಿಳಾಸ ಹೇಳ್ಲಿ? ಎಲ್ಲಿ ನಿನ್ನ ಕಾಗದ? ಹರದ ಒಗೀತೀನಿ!"

"ಸಾಹೇಬ್ರ, ಅದು ಸಿನಿಮಾದ ಅಧ್ಯಕ್ಷರಿ! ಮುದಿಕಿನೂ ಸಿನಿಮಾದಾಕಿ!" ಭೀಮಶಿ ಕೂಗಿದ. ಯಾಕೂಬಸಾಬನೂ ಆಣೆ ಹಾಕಿ ಹೇಳಿದ. ಯಾರು ನಂಬಬೇಕು? ಅಷ್ಟೊತ್ತಿಗೆ ಕೂಡಿದ್ದ ಮಂದಿಗೆ ಖರೆ ಬೇಕಾಗಿರಲಿಲ್ಲ, ಮಜಾ ಬೇಕಾಗಿತ್ತು.

"ಹಂಗಾದ್ರ ತೋರಸು," ಅಂದಳು ಹಿಂದೆ ಬಂದು ನಿಂತಿದ್ದ ಅನ್ನಪೂರ್ಣಾ.

ಪಂಚಾಯ್ತಿ ಟಿವಿಗೆ ಮೊಬೈಲ್ ಜೋಡಿಸಿದರು. ಭೀಮಶಿ ಆ ಹಾಳು ಸಿನಿಮಾವನ್ನು ಹಲ್ಲು ಕಚ್ಚಿ ಎರಡನೇ ಸಲ ನೋಡಿದ. ಕೊನೆಗೆ ಗೊತ್ತಾದದ್ದು ಇಷ್ಟು: ಹುಬ್ಬಳ್ಳಿ ಮನೆಯಲ್ಲಿದ್ದದ್ದು ಸತ್ತ ಗೆಳೆಯನ ಹೆಂಡತಿ, ಮಕ್ಕಳು. ಅಧ್ಯಕ್ಷ ಗುಟ್ಟಾಗಿ ಅವರನ್ನು ಸಾಕುತ್ತಿದ್ದ. ಮುದುಕಿ ಕದ್ದ ಬೆಲ್ಲದಲ್ಲಿ ಅರ್ಧ ಆ ಮಕ್ಕಳಿಗೇ ಹೋಗುತ್ತಿತ್ತು. ಬಸವಣ್ಣೆವ್ವ ಬಿಕ್ಕಿ ಬಿಕ್ಕಿ ಅತ್ತಳು. ಅನ್ನಪೂರ್ಣಾ ಗಂಡನ ಅಂಗಿಯ ಗುಂಡಿ ಸರಿ ಮಾಡುತ್ತ, "ನಿಮಗ ಸುಮ್ನ ಬೈದೆ," ಅಂದಳು.

ಭೀಮಶಿಯ ಜೀವ ತಣ್ಣಗಾಯಿತು. ಕಾಗದ ಮುಂದೆ ಚಾಚಿದ. "ನೋಡಿದ್ರೆಲ್ಲಾ? ನಂದೇನೂ ತಪ್ಪಿಲ್ರಿ."

ಕುಬೇರಪ್ಪ ಕಣ್ಣೊರೆಸಿಕೊಂಡ. "ತಪ್ಪಿಲ್ಲಂತ! ಇಂಥಾ ದೇವರಂಥಾ ಮನಷ್ಯಾಗ ನಾಚಿಕಿ ಇಲ್ಲ ಅಂದೆಲ್ಲೋ! ಕೊಲ್ಲಬೇಕು ಅಂದಿ!"

ಇಲ್ಲಿ ಸುಮ್ಮನಿದ್ದರೆ ಮುಗಿಯುತ್ತಿತ್ತು. ಸುಮ್ಮನಿದ್ದರೆ ಅವನು ಭೀಮಶಿ ಹೇಗಾದಾನು? "ಸಾಹೇಬ್ರ, ಆ ಕಡೀ ಭಾಗಕ್ಕ ನನಗ ಸಿಟ್ಟು! ಹೆಂಡ್ತಿಗೆ ಒಂದ ಮಾತು ಮೊದಲ ಹೇಳಿದ್ರ ಎರಡೂವರಿ ತಾಸು ಉಳೀತಿತ್ತು!"

ಸಭೆಯೆಲ್ಲ ಎದ್ದು ನಿಂತಿತು. "ಇವಂಗ ಎದಿ ಅನ್ನೂದ ಇಲ್ಲ!" ಎಂದಳು ಬಸವಣ್ಣೆವ್ವ. ಬೈದ ಮೈಕಿನಲ್ಲೇ ಹೊಗಳಬೇಕು, ಆಮೇಲೆ ಸಹಿ ಎಂದು ತೀರ್ಪಾಯಿತು.

ಹನ್ನೊಂದು ವರ್ಷದ ನೌಕರಿ ನೆನೆದು ಭೀಮಶಿ ಗುಂಡಿ ಒತ್ತಿದ. "ಸಿನಿಮಾ... ಛಲೋ ಐತ್ರಿ."

"ಅಗದಿ ಛಲೋ ಅನ್ನಲೇ!"

"ಅಗದಿ ಛಲೋ ಐತ್ರಿ."

ಐದೇ ನಿಮಿಷ. ನೀರು ಹಿಡಿಯುತ್ತ ಸಿನಿಮಾ ತಪ್ಪಿಸಿಕೊಂಡಿದ್ದ ಕೆಳಗಿನ ಓಣಿಯ ಮಂದಿಯೆಲ್ಲ ಕೊಡ ಬಿಟ್ಟು ಓಡಿ ಬಂದರು. ಕುಬೇರಪ್ಪ ತೆಗೆದ ಪೆನ್ನು ಮತ್ತೆ ಕಿಸೆಗಿಟ್ಟ.

"ಸಹಿ ನಾಳೆ ಮಾಡೂಣು. ಮೊದಲ ಸಿನಿಮಾ ಇನ್ನೊಮ್ಮಿ ಹಚ್ಚು."

ಭೀಮಶಿ ಮೈಕ್ ಬಂದ್ ಆಗಿದೆಯೋ ಇಲ್ಲವೋ ಎರಡು ಸಲ ನೋಡಿದ. ಬೈಯಲು ಬಾಯಿ ತೆರೆದ.

"ಸುಮ್ಮ ಕೂಡೋ," ಬಸವಣ್ಣೆವ್ವ ಅವನ ಅಂಗಿ ಹಿಡಿದು ಬಾಜು ಕೂಡಿಸಿಕೊಂಡಳು. "ಚಾಲೂ ಆತು."