ಫೋರ್ಕು ಕುಡಿದ ತಲೆ ಎಣ್ಣೆ

ದೇವೀರಮ್ಮ: ಕುಡೀತು ಅಂದ್ರೆ ಏನ್ರೀ? ಒಂದು ಬಾಟ್ಲಿ ಕೊಬ್ರಿ ಎಣ್ಣೆ ಯಾರಾದ್ರೂ ಕುಡೀತಾರಾ?

ತಮ್ಮಯ್ಯ: ನಾನಲ್ಲ ಮಾರಾಯ್ತಿ, ಫೋರ್ಕು.

ಜಾವಳಿಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ತಮ್ಮಯ್ಯ, ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಮೋಟಾರ್ ಸೈಕಲ್ಲೊಂದನ್ನು ತಂದಿದ್ದರು. ಬಂದ ದಿನದಿಂದ ಅದರ ಮುಂದಿನ ಫೋರ್ಕು, ಅಂದರೆ ಮುಂಚಕ್ರವನ್ನು ಹಿಡಿದು ಕುಲುಕಾಟ ತಡೆಯುವ ಜೋಡಿ ಕೊಳವೆ, ಎಣ್ಣೆ ಸೋರುತ್ತಿತ್ತು. ಇವತ್ತು ಸಂಸೆಯಲ್ಲಿ ನಾದಿನಿಯ ನಿಶ್ಚಿತಾರ್ಥ. ಬಸ್ಸು ಆಗಲೇ ಹೋಗಿದೆ. ಮಾರ್ಗಶಿರದ ಬೆಳಗಿನ ಚಳಿಯಲ್ಲಿ ಹೆಂಡತಿ ದೇವೀರಮ್ಮ ಕೂದಲು ಬಿಚ್ಚಿಕೊಂಡು ಅಂಗಳದಲ್ಲಿ ನಿಂತಿದ್ದಾರೆ. ಕಿತ್ತಳೆ ವ್ಯಾಪಾರದ ಖಾದರ್ ಸಾಬರು ಬುದ್ಧಿ ಹೇಳಲೆಂದೇ ಬೇಲಿ ದಾಟಿ ಬಂದಿದ್ದಾರೆ.

ದೇವೀರಮ್ಮ: ಈ ಪೊರಕೆ ತಲೆ ಹೊತ್ಕೊಂಡು ನೆಂಟರ ಮುಂದೆ ಹ್ಯಾಗೆ ಕೂರ್ಲಿ?

ತಮ್ಮಯ್ಯ: ತಲೆ ಬಿಡು, ಎಣ್ಣೆ ಸೋರದ ಹಾಗೆ ತಡೆಯೋ ಈ ಸೀಲು ನೋಡು! ಕಾಫಿ ಗಿಡಕ್ಕೆ ಬೋರ್ಡೋ ಔಷಧಿ ಹೊಡಿಯೋ ಪಂಪಿನ ಚರ್ಮದ ವಾಷರ್ರು ಕೊಯ್ದು ನಾನೇ ಮಾಡಿದ್ದು. ಒಳಗೆ ತುಂಬೋಕೆ ಎಣ್ಣೆ ಬೇಕಲ್ಲ? ನಿನ್ನೆ ಸಂಜೆ ಒಲೆ ಹತ್ರ ನಿನ್ನ ಬಾಟ್ಲಿ ಕಂಡ್ತು.

ಖಾದರ್: ಒಂದು ಹನಿ ಸೋರ್ತಿಲ್ಲ ಅಕ್ಕಾ!

ದೇವೀರಮ್ಮ: ಕಿತ್ತಳೆ ಮಾರೋರಿಗೆ ಫೋರ್ಕಿನ ವಿಷಯ ಏನು ಗೊತ್ತು?

ಖಾದರ್: ಕೊಳೆತ ಹಣ್ಣು ಸೋರೋದು ನೋಡಿ ನೋಡಿ ಕಣ್ಣು ಪಳಗಿದೆ.

ತಮ್ಮಯ್ಯ ಹ್ಯಾಂಡಲ್ಲಿನ ಮೇಲೆ ಇಡೀ ಮೈಭಾರ ಹಾಕಿ ಒತ್ತಿದರು. ಫೋರ್ಕು ಕೂದಲೆಳೆಯಷ್ಟೂ ಕುಗ್ಗಲಿಲ್ಲ.

ತಮ್ಮಯ್ಯ: ನೋಡ್ದಾ ಮಿಲಿಟರಿ ಗತ್ತು?

ಖಾದರ್: ಒನಕೆ ಆಗಿದೆ ರೈಟ್ರೇ, ಒನಕೆ!

ದೇವೀರಮ್ಮ: ಮೊದ್ಲು ಬುಸ್ ಬುಸ್ ಅಂತ ಮೇಲೆ ಕೆಳಗೆ ಆಡ್ತಿತ್ತಲ್ಲ?

ತಮ್ಮಯ್ಯ: ಆಗ ಕಾಯಿಲೆ ಇತ್ತು. ಈಗ ವಾಸಿ ಆಯ್ತು.

ದೇವೀರಮ್ಮ: ರೀ, ಆ ಬಾಟ್ಲೀನ ನಾನು ಒಲೆ ಹತ್ರ ಯಾಕೆ ಇಡ್ತೀನಿ?

ತಮ್ಮಯ್ಯ: ಈ ಚಳೀಲಿ ಎಣ್ಣೆ ಗಟ್ಟಿ ಆಗ್ತದೆ ಅಂ...

ಮೂವರೂ ಫೋರ್ಕಿನ ಕಡೆ ನೋಡಿದರು.

ಖಾದರ್: ಅಂದ್ರೆ, ತಡೆದಿರೋದು ಸೀಲಲ್ವಾ?

ದೇವೀರಮ್ಮ: ಚಳಿ ಸಾಬ್ರೇ, ಚಳಿ!

ತಮ್ಮಯ್ಯ: ಹಾಗಾದ್ರೆ ಬಿಚ್ಚಿ ಇನ್ನೊಂದ್ಸಲ...

ದೇವೀರಮ್ಮ: ಸ್ಪ್ಯಾನರ್ ಮುಟ್ಟಿದ್ರೆ ನೋಡಿ! ಇರೋದು ಒಬ್ಳೇ ತಂಗಿ. ಬಿಸಿಲು ಬಂದು ಅದು ಕರಗೋದ್ರೊಳಗೆ ಹೊರಡಿ.

ತಮ್ಮಯ್ಯ: ಇಷ್ಟು ಗಟ್ಟಿ ಇದ್ರೆ ನನ್ನ ಸೊಂಟ ಮುರೀತದೆ ಕಣೇ!

ದೇವೀರಮ್ಮ: ಮುರೀಲಿ. ಕೂತ್ಕೊಂಡೇ ಊಟ ಮಾಡೋದಲ್ವಾ?

ಹೊರಟರು. ಗುಂಡಿ ಗುಂಡಿಗೂ ತಮ್ಮಯ್ಯ ದೇವರನ್ನು ಕರೆದರು. ಕಳಸ ದಾಟುವಷ್ಟರಲ್ಲಿ ಬಿಸಿಲು ಏರಿತು. ಎಣ್ಣೆ ಕರಗಿತು, ಸೀಲು ಕೈಕೊಟ್ಟಿತು. ಚಕ್ರಕ್ಕೆ ಇಳಿದದ್ದನ್ನೆಲ್ಲ ಚಕ್ರವು ಸವಾರನ ಮೇಲೆ ಎರಚಿತು. ಹಿಂದೆ ಕೂತ ದೇವೀರಮ್ಮನವರಿಗೆ ಒಂದು ಹನಿಯೂ ತಾಗಲಿಲ್ಲ.

ಅಂತೂ ತಾಂಬೂಲ ಬದಲಾಯಿಸುವ ಮೊದಲೇ ಸಂಸೆ ಸೇರಿದರು. ಬಾಗಿಲಿಗೆ ಬಂದ ಅತ್ತೆ ಮುದ್ದಮ್ಮ, ನೆತ್ತಿಯಿಂದ ಮೀಸೆಯವರೆಗೆ ಮಿಂಚುತ್ತಿದ್ದ ಅಳಿಯನನ್ನು ಕಂಡು ಸೆರಗನ್ನು ಕಣ್ಣಿಗೆ ಒತ್ತಿಕೊಂಡರು.

ಮುದ್ದಮ್ಮ: ಅಳಿಯಂದ್ರಿಗೆ ಎಣ್ಣೆ ಹಚ್ಚಿ ನೀರು ಹಾಕೋಕೆ ನಮ್ಮನೇಲಿ ಗತಿ ಇರ್ಲಿಲ್ವಾ? ಊರಿಂದ್ಲೇ ಹಚ್ಕೊಂಡು ಬಂದ್ರಲ್ಲ! ಅಲ್ಲ ದೇವೀರಿ, ನಿನ್ನ ತಲೆ ಯಾಕೆ ಹೀಗೆ ಒಣಗಿದೆ?

ದೇವೀರಮ್ಮ: ಒಂದೇ ಬಾಟ್ಲಿ ಇತ್ತವ್ವ. ರೀ, ಸ್ವಲ್ಪ ತಲೆ ಬಗ್ಗಿಸಿ, ನನ್ನ ಪಾಲು ಒರೆಸ್ಕೊಳ್ತೀನಿ!