ಶೇವಂತಿ ಟೆಂಪೋ ಹತ್ತಿದ್ದು

ಮನುಷ್ಯರ ಮುಂದೆ ಮಾನ ಹೋದರೆ ಅದಕ್ಕೆ ಹತ್ತಾರು ಉಪಾಯಗಳಿವೆ. ಮಾತು ಬದಲಿಸಬಹುದು, ಫೋನ್ ಬಂದವರ ಹಾಗೆ ಎದ್ದು ಹೋಗಬಹುದು, ತೀರಾ ಆಯಿತೆಂದರೆ ಆ ಬೀದಿಯನ್ನೇ ಬಿಟ್ಟು ಬೇರೆ ಬೀದಿಯಲ್ಲಿ ಓಡಾಡಬಹುದು. ಒಬ್ಬ ಗಿರಾಕಿಯನ್ನು ನಾನು ಹನ್ನೊಂದು ವರ್ಷ ‘ಜೋಶಿ ಸಾಹೇಬ್ರೇ’ ಎಂದು ಕರೆದೆ. ಅವರು ಜೋಶಿ ಅಲ್ಲವೇ ಅಲ್ಲ, ಪಾಪ, ತಿದ್ದಲು ಸಂಕೋಚಪಟ್ಟುಕೊಂಡು ಸುಮ್ಮನಿದ್ದರು ಎಂದು ತಿಳಿದ ದಿನದಿಂದ ಎರಡು ವಾರ ಅವರು ಬರುವ ಹೊತ್ತಿಗೆ ನನಗೆ ಅಡುಗೆಮನೆಯಲ್ಲಿ ಭಾರೀ ಕೆಲಸವಿರುತ್ತಿತ್ತು. ಆಮೇಲೆ ಅದೂ ಸರಿಹೋಯಿತು. ಆದರೆ ಒಂದು ಪ್ರಾಣಿಯ ಮುಂದೆ ನಾಚಿಕೆಪಟ್ಟರೆ ಏನು ಮಾಡಬೇಕೆಂದು ನನಗೆ ಐವತ್ತೆಂಟು ತುಂಬುವವರೆಗೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಅದರ ಹತ್ತಿರ ಮಾತು ಬದಲಿಸುವುದು ಹೇಗೆ? ಅದು ಮಾತನ್ನೇ ಆಡಿರುವುದಿಲ್ಲ. ಸುಮ್ಮನೆ ನೋಡುತ್ತಾ ನಿಂತಿರುತ್ತದೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಮುಂಬೈ ಪಕ್ಕದ ಠಾಣೆಯ ನೌಪಾಡಾದಲ್ಲಿ ನಮ್ಮದೊಂದು ಇಡ್ಲಿ-ವಡೆಯ ಹೋಟೆಲಿದೆ. ಮನೆ ಕಲ್ಯಾಣದ ಖಾಡಿ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಯ ಕಡೆ, ಹುಟ್ಟಿದ್ದು ಉಡುಪಿಯ ಹತ್ತಿರ. ನಮ್ಮ ವಂಶದಲ್ಲಿ ಕುದುರೆ ಸಾಕಿದವರು ಯಾರೂ ಇಲ್ಲ. ನನ್ನ ಅಜ್ಜ ಒಂದು ಸೈಕಲ್ ಕೊಂಡು, ಹತ್ತಲು ಧೈರ್ಯವಾಗದೆ, ಮೂರು ವರ್ಷ ಅದನ್ನು ತಳ್ಳಿಕೊಂಡೇ ಪೇಟೆಗೆ ಹೋಗಿಬರುತ್ತಿದ್ದರಂತೆ. ಅಂಥವರ ಮೊಮ್ಮಗ ನಾನು. ನನಗೆ ಶುಗರ್ ಬಂತು, ಡಾಕ್ಟರು ದಿನಾ ನಡೆಯಿರಿ ಎಂದರು. ನಡೆಯುವ ದಾರಿಯಲ್ಲಿ ಸಾವಂತ್ ಎಂಬವರ ಎಮ್ಮೆಗಳ ತಬೇಲಾ ಇತ್ತು, ಅದರ ಮೂಲೆಯಲ್ಲಿ ಕಂದು ಬಣ್ಣದ ಒಂದು ಹೆಣ್ಣು ಕುದುರೆ ಕಟ್ಟಿತ್ತು. ಹೋಟೆಲಿನಲ್ಲಿ ಹೆಚ್ಚಿ ಉಳಿದ ಕ್ಯಾರೆಟ್ಟಿನ ತುದಿಗಳನ್ನು ಕಿಸೆಯಲ್ಲಿ ಹಾಕಿಕೊಂಡು ಹೋಗಿ ಅದಕ್ಕೆ ಕೊಡುವುದು ನನಗೆ ಅಭ್ಯಾಸವಾಯಿತು. ಅದರ ಯಜಮಾನ ಒಬ್ಬ ಮುದುಕ, ಸಂಜೆ ಹೊತ್ತು ಮಕ್ಕಳನ್ನು ಕೂರಿಸಿ ಸುತ್ತು ಹೊಡೆಸುತ್ತಿದ್ದವನು. ಮೊಣಕಾಲು ಸೋತು, ನಾಶಿಕದ ಕಡೆ ಮಗಳ ಮನೆಗೆ ಹೊರಟ ದಿನ ಅವನು ಹಗ್ಗ ತಂದು ನನ್ನ ಕೈಗಿಟ್ಟ. ‘ಶೇಟ್, ಒಂದು ವರ್ಷದಿಂದ ತಿನ್ನಿಸ್ತಾ ಇದ್ದೀರಿ, ಶೇವಂತಿ ಅರ್ಧ ನಿಮ್ಮವಳೇ ಆಗಿದ್ದಾಳೆ. ಇನ್ನರ್ಧವನ್ನೂ ಇಟ್ಟುಕೊಳ್ಳಿ’ ಅಂದ. ನಾನು ಹಗ್ಗ ಹಿಡಿದುಕೊಂಡೆ, ಅವಳನ್ನು ತಬೇಲಾದ ಅದೇ ಮೂಲೆಯಲ್ಲಿ ಕಟ್ಟಿ ಬಂದೆ.

ಮನೆಯಲ್ಲಿ ಹೆಂಡತಿ ವಾರಿಜಾ ಕೇಳಿದ್ದು ಒಂದೇ ಪ್ರಶ್ನೆ: ‘ನೀವು ಅದರ ಮೇಲೆ ಹತ್ತುದುಂಟಾ?’ ಇಲ್ಲ ಎಂದೆ. ಎಂಬತ್ತೆಂಟು ಕಿಲೋ ತೂಗುವವನು ಯಾವ ಮುಖದಲ್ಲಿ ಹತ್ತುವುದು? ‘ಮತ್ತೆ ಎಂತಕ್ಕೆ ಮಾರಾಯ್ರೆ? ದನವಾದ್ರೆ ಹಾಲಾದ್ರೂ ಕೊಡ್ತಿತ್ತು’ ಎಂದು ಹೇಳಿ ಒಳಗೆ ಹೋದಳು. ಎಂತಕ್ಕೆ ಎಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ದಿನಾ ಅರ್ಧ ಗಂಟೆ ಶೇವಂತಿಯ ಹಗ್ಗ ಹಿಡಿದು ಖಾಡಿ ದಂಡೆಯಲ್ಲಿ ನಡೆಯುವಾಗ ನನಗೆ ಸುಖವಾಗುತ್ತಿತ್ತು, ಅಷ್ಟೇ. ಹೋಟೆಲಿನವನಿಗೆ ಬೆಳಗಿನಿಂದ ರಾತ್ರಿಯವರೆಗೆ ಯಾರಾದರೂ ಏನಾದರೂ ಕೇಳುತ್ತಲೇ ಇರುತ್ತಾರೆ. ಇವಳು ಏನನ್ನೂ ಕೇಳುತ್ತಿರಲಿಲ್ಲ.

ಹಾಗೇ ಇದ್ದುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕುದುರೆಯ ಮಾಲೀಕನಾದ ಮೇಲೆ ಸರಿಯಾಗಿ ಕಲಿಯಬೇಕೆಂಬ ಹುಚ್ಚು ಹಿಡಿಯಿತು. ಇದು ನನ್ನ ಸ್ವಭಾವವೇ ಅಲ್ಲ. ನಮ್ಮ ಸಾಂಬಾರಿನ ವಿಷಯದಲ್ಲಿ ಮೂವತ್ತು ವರ್ಷಗಳಿಂದ ಸಲಹೆ ಕೇಳಿಸಿಕೊಳ್ಳುತ್ತಾ ಬಂದಿದ್ದೇನೆ. ಒಬ್ಬರು ಬೆಲ್ಲ ಜಾಸ್ತಿ ಹಾಕಿ ಎನ್ನುತ್ತಾರೆ, ಪಕ್ಕದ ಮೇಜಿನವರು ಸಾಂಬಾರಿಗೆ ಬೆಲ್ಲ ಹಾಕುವವರನ್ನು ಜೈಲಿಗೆ ಹಾಕಬೇಕು ಎನ್ನುತ್ತಾರೆ. ಇಬ್ಬರಿಗೂ ‘ಹೌದು ಸಾರ್, ನಾಳೆಯಿಂದಲೇ’ ಎಂದು ಕೈಮುಗಿದು, ಅಮ್ಮ ಮಾಡುತ್ತಿದ್ದ ಸಾಂಬಾರನ್ನೇ ಇವತ್ತಿಗೂ ಬಡಿಸುತ್ತಿದ್ದೇನೆ. ಇಷ್ಟು ಪಳಗಿದ ಮನುಷ್ಯ ಕುದುರೆಯ ವಿಷಯದಲ್ಲಿ ಮಾತ್ರ ದಾರಿಯಲ್ಲಿ ಹೋಗುವವರ ಸಲಹೆಯನ್ನೂ ಕಿವಿಯಲ್ಲಿ ಹಾಕಿಕೊಂಡು ಬಂದ.

ಮೊದಲನೆಯ ಗುರು ತಬೇಲಾದ ಸಾವಂತ್ ಮಾಮಾ. ‘ಮಾಲಿಕ್ ಕೌನ್ ಹೈ, ಪೆಹಲೇ ದಿನ್ ದಿಖಾನೇ ಕಾ’ ಎನ್ನುವುದು ಅವರ ಶಾಸ್ತ್ರ, ಯಜಮಾನ ಯಾರೆಂದು ಮೊದಲ ದಿನವೇ ತೋರಿಸಬೇಕಂತೆ. ಎದೆ ಸೆಟೆಸಿ ನಿಲ್ಲಬೇಕು, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಕುದುರೆ ಒಂದು ಹೆಜ್ಜೆ ಮುಂದೆ ಇಟ್ಟರೂ ಹಗ್ಗ ಜಗ್ಗಬೇಕು. ಎರಡನೆಯವರು ನವಿ ಮುಂಬೈಯಲ್ಲಿ ಮಕ್ಕಳಿಗೆ ಕುದುರೆ ಸವಾರಿ ಕಲಿಸುವ ಕುಲಕರ್ಣಿ ಮೇಡಂ. ಅವರ ಪ್ರಕಾರ ಕಣ್ಣಲ್ಲಿ ಕಣ್ಣಿಡುವುದು ಹುಲಿ ಮಾಡುವ ಕೆಲಸ. ನಾವು ಬೇರೆ ಕಡೆ ನೋಡುತ್ತಾ ಮೆತ್ತಗೆ ಉಸಿರಾಡುತ್ತಾ ನಿಲ್ಲಬೇಕು, ತಾನಾಗಿ ಹತ್ತಿರ ಬಂದಾಗ ಒಂದು ಚೂರು ಬೆಲ್ಲ ಕೊಡಬೇಕು. ಮೂರನೆಯ ಗುರು ನನ್ನ ಫೋನು. ಅದರಲ್ಲಿ ಟೋಪಿ ಹಾಕಿದ ಒಬ್ಬ ವಿದೇಶಿ ಮನುಷ್ಯ ಕೈಯಿಂದ ಏನನ್ನೂ ತಿನ್ನಿಸಲೇಬಾರದು ಎನ್ನುತ್ತಿದ್ದ, ಟೋಪಿ ಹಾಕದ ಇನ್ನೊಬ್ಬ ಕೈಯಿಂದ ಮಾತ್ರ ತಿನ್ನಿಸಬೇಕು ಎನ್ನುತ್ತಿದ್ದ. ಇವರೆಲ್ಲರೂ ಒಂದೇ ಒಂದು ವಿಷಯದಲ್ಲಿ ಒಪ್ಪುತ್ತಿದ್ದರು. ಅದೇನೆಂದರೆ, ನನಗೆ ಕಾನ್ಫಿಡೆನ್ಸ್ ಇಲ್ಲ, ಮತ್ತು ಅದು ಕುದುರೆಗೆ ಗೊತ್ತಾಗುತ್ತದೆ. ಸೋಮವಾರ ಎದೆ ಸೆಟೆಸಿದೆ, ಗುರುವಾರ ಉಸಿರು ಬಿಟ್ಟೆ, ಭಾನುವಾರ ವಿಡಿಯೋ ನೋಡಿಕೊಂಡು ಹಿಂದಹಿಂದಕ್ಕೆ ನಡೆದು ಎಮ್ಮೆಯ ಸಗಣಿಯಲ್ಲಿ ಕೂತೆ. ಶೇವಂತಿ ಪ್ರತಿ ದಿನ ಬೆಳಿಗ್ಗೆ ಇವತ್ತು ಯಾರು ಬಂದಿದ್ದಾರೆ ಎಂದು ನನ್ನನ್ನು ನೋಡುತ್ತಿದ್ದಳು.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ, ತಡ ಮಾಡುತ್ತಿರುವುದು ನಿಮಗೂ ಗೊತ್ತಾಗಿರಬೇಕು. ಮೇಡಂ ಹೇಳಿದ ಹಾಗೆ ಎರಡು ವಾರ ಬೆಲ್ಲ ಕೊಟ್ಟೆ. ಶೇವಂತಿ ಕಲಿತಳು. ನಾನು ಗೇಟು ತೆರೆದ ಕೂಡಲೇ ಬಂದು ಮೂಗಿನಿಂದ ನನ್ನ ಅಂಗಿಯ ಕಿಸೆಯನ್ನು ಮೆಲ್ಲಗೆ ತಳ್ಳುತ್ತಿದ್ದಳು. ಒಂದು ದಿನ ಸಾವಂತ್ ಮಾಮಾ ಅದನ್ನು ನೋಡಿ, ‘ಶೇಟ್, ಇದು ಪ್ರೀತಿ ಅಲ್ಲ, ದಾದಾಗಿರಿ. ಇವತ್ತು ಮೂಗು, ನಾಳೆ ಹಲ್ಲು’ ಅಂದರು. ಸುತ್ತ ಹಾಲು ಒಯ್ಯಲು ಬಂದ ನಾಲ್ಕೈದು ಜನ ನಿಂತಿದ್ದರು. ಅವರೆಲ್ಲರ ಎದುರಿಗೆ ನನಗೂ ಕಾನ್ಫಿಡೆನ್ಸ್ ಇದೆ ಎಂದು ತೋರಿಸುವ ಅವಸರ. ಮಾರನೆಯ ದಿನ ಶೇವಂತಿ ಬಂದು ಮೂಗು ಚಾಚಿದಾಗ ಹಗ್ಗದ ತುದಿಯಿಂದ ಅವಳ ಮುಖಕ್ಕೆ ಬಾರಿಸಿದೆ. ಪೆಟ್ಟು ಜೋರಾಗಿರಲಿಲ್ಲ ಎಂದು ವಾರಿಜಾಳಿಗೆ ಹೇಳಿದ್ದೇನೆ. ಜೋರಾಗಿಯೇ ಇತ್ತು. ಶೇವಂತಿ ಒದೆಯಲಿಲ್ಲ, ಕಚ್ಚಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ನನ್ನನ್ನೇ ನೋಡಿದಳು. ನಾನೇ ಕಲಿಸಿದ್ದನ್ನು ತಪ್ಪಿಲ್ಲದೆ ಒಪ್ಪಿಸಿದ್ದಕ್ಕೆ ನಾನೇ ಹೊಡೆದಿದ್ದೆ. ಅಲ್ಲಿ ನಿಂತವರು ‘ಶಾಭಾಸ್’ ಅಂದರು, ನಾನೂ ಹಲ್ಲು ಕಿರಿದೆ. ಆ ಹಲ್ಲು ಕಿರಿದದ್ದು ನೆನಪಾದರೆ ಈಗಲೂ ಇಡ್ಲಿ ಗಂಟಲಲ್ಲಿ ಇಳಿಯುವುದಿಲ್ಲ. ಅಂದಿನಿಂದ ಅವಳು ಗೇಟಿನ ಹತ್ತಿರ ಬರುವುದನ್ನು ಬಿಟ್ಟಳು.

ಇಷ್ಟರಲ್ಲಿ ತಬೇಲಾದ ಜಾಗ ಬಿಲ್ಡಿಂಗಿಗೆ ಹೋಯಿತು. ಎಮ್ಮೆಗಳೆಲ್ಲ ಖಾಲಿಯಾದವು. ಟಿಟ್ವಾಳಾದಾಚೆ ಒಬ್ಬರ ತೋಟದ ಶೆಡ್ಡಿನಲ್ಲಿ ಶೇವಂತಿಗೆ ಜಾಗ ಸಿಕ್ಕಿತು, ಭಾನುವಾರದೊಳಗೆ ಸಾಗಿಸಬೇಕಿತ್ತು. ದಾರಿ ದೂರ, ಲಾರಿಗಳ ನಡುವೆ ನಡೆಸಿಕೊಂಡು ಹೋಗುವ ಹಾಗಿರಲಿಲ್ಲ. ಆದರೆ ಅವಳು ಟೆಂಪೋ ಹತ್ತಲಿಲ್ಲ. ಶುಕ್ರವಾರ ಒಂದು ಸಲ, ಶನಿವಾರ ಎರಡು ಸಲ ಟೆಂಪೋ ಬಂದು ಖಾಲಿ ಹೋಯಿತು. ಸಾವಂತ್ ಮಾಮಾ ಕಡೆಗೆ ಹೇಳಿದರು, ‘ಇಲ್ಲೇ ಹತ್ತಿರ ವಿಠ್ಠಲವಾಡಿಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುವವನಿದ್ದಾನೆ. ನಡೆಸಿಕೊಂಡೇ ಹೋಗ್ತಾನೆ, ಟೆಂಪೋ ಬೇಡ. ನಾಳೆ ಮಧ್ಯಾಹ್ನದೊಳಗೆ ಹತ್ತದಿದ್ದರೆ ಅವನಿಗೆ ಕೊಟ್ಟುಬಿಡಿ ಶೇಟ್.’ ಒಂದು ಪಟಾಕಿ ಹೊಡೆದರೆ ಅರ್ಧ ದಿನ ಮೈ ನಡುಗಿಸುವವಳು ಅವಳು. ಬ್ಯಾಂಡು, ಪಟಾಕಿ, ತಲೆಯ ಮೇಲೆ ಲೈಟು, ಬೆನ್ನ ಮೇಲೆ ಮದುಮಗ. ಆಗಲಿ ಎಂದೂ ಅನ್ನಲಾರದೆ, ಆಗದು ಎಂದೂ ಅನ್ನಲಾರದೆ ತಲೆಯಾಡಿಸಿ ಬಂದೆ.

ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿದರು. ಮೇಡಂ ಬಿಳಿ ಟೋಪಿ ಹಾಕಿಕೊಂಡು ನವಿ ಮುಂಬೈಯಿಂದ ಬಂದರು. ಹಾಗೇ ಮುಂದೆ ಟಿಟ್ವಾಳಾ ಗಣಪತಿಗೆ ಹೋಗಿಬರಬಹುದೆಂದು ವಾರಿಜಾಳೂ ಹೂವಿನ ಚೀಲ ಹಿಡಿದು ಬಂದಳು. ಭಾರ ಎತ್ತಲು ಇರಲಿ ಎಂದು ನಾನು ಮಲ್ಲಪ್ಪನನ್ನು ಕರೆಸಿದ್ದೆ. ಅವನು ವಿಜಯಪುರ ಕಡೆಯವನು, ಮಾರ್ಕೆಟ್ಟಿನಿಂದ ನಮ್ಮ ಹೋಟೆಲಿಗೆ ಅಕ್ಕಿ ಮೂಟೆ ಹೊರುವವನು, ಮಾತು ಕಡಿಮೆ. ಟೆಂಪೋದ ಹಿಂಬಾಗಿಲಿಗೆ ಹಲಗೆ ಒರಗಿಸಿ ಮೇಲೆ ಗೋಣಿತಾಟು ಹಾಸಿದೆವು. ಸಾವಂತ್ ಮಾಮಾ ಉದ್ದನೆಯ ಹಗ್ಗವನ್ನು ಟೆಂಪೋದ ಕಂಬಿಗಳ ಸಂದಿಯಿಂದ ಹೊರಗೆ ತೆಗೆದು ಎಳೆಸಿದರು, ಹಿಂದಿನಿಂದ ಇಬ್ಬರು ತಳ್ಳಿದರು. ಶೇವಂತಿ ನಾಲ್ಕು ಕಾಲನ್ನೂ ನೆಲಕ್ಕೆ ಊರಿ ನಿಂತಳು. ಮೇಡಂ ಎಲ್ಲರನ್ನೂ ತಡೆದು, ‘ನಿಮ್ಮ ಟೆನ್ಶನ್ ಅವಳಿಗೆ ತಗಲ್ತಾ ಇದೆ. ಎಲ್ಲರೂ ಉಸಿರು ಒಳಗೆ ತಗೊಳ್ಳಿ’ ಎಂದರು. ತಳ್ಳಿದವರು, ನೋಡಲು ನಿಂತವರು, ಟೆಂಪೋ ಡ್ರೈವರು, ಎಲ್ಲರೂ ಒಟ್ಟಿಗೆ ಉಸಿರೆಳೆದರು. ವಾರಿಜಾಳೂ ಎಳೆದಳು. ಕುದುರೆ ಅಲುಗಲಿಲ್ಲ. ಒಬ್ಬ ಕಣ್ಣು ಕಟ್ಟಿ ಎಂದ, ಇನ್ನೊಬ್ಬ ಮುಂದಿನ ಕಾಲೆತ್ತಿ ಇಡಿ ಎಂದ, ಡ್ರೈವರು ಹಾರ್ನ್ ಹೊಡೆಯಲೇ ಎಂದು ಕೇಳಿದ. ನಾನು ಎಲ್ಲರಿಗೂ ಹೌದು ಹೌದು ಎನ್ನುತ್ತಿದ್ದೆ. ಹನ್ನೊಂದು ಗಂಟೆಯಾಯಿತು. ವಿಠ್ಠಲವಾಡಿಯವನು ಬಂದು ಬೈಕಿನ ಮೇಲೆ ಕೂತು ಕಾಯುತ್ತಿದ್ದ.

ನಾನು ಮಲ್ಲಪ್ಪನನ್ನೂ ಕೇಳಿದೆ, ‘ನೀನೇನು ಹೇಳ್ತಿ ಮಲ್ಲಪ್ಪ?’ ನಾನು ಇನ್ನೂ ಸಲಹೆ ಕೇಳದೆ ಉಳಿದಿದ್ದವನು ಅವನೊಬ್ಬನೇ.

ಅವನು ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಬೆವರು ಒರೆಸಿಕೊಂಡ. ‘ತಪ್ಪ ತಿಳ್ಕೋಬ್ಯಾಡ್ರಿ ಸಾಹೇಬ್ರ. ಮುಂಜಾನಿಂದ ನೋಡಾಕತ್ತೀನಿ. ನೀವು ನಮ್ಮೆಲ್ಲಾರ ಮಾರಿ ನೋಡಾಕತ್ತೀರಿ. ಆಕಿ ನಿಮ್ಮ ಮಾರಿ ನೋಡಾಕತ್ತಾಳ.’

ತಿರುಗಿ ನೋಡಿದೆ. ನಿಜ. ಇಷ್ಟು ಜನರ ನಡುವೆ ಅವಳು ನನ್ನೊಬ್ಬನನ್ನೇ ನೋಡುತ್ತಿದ್ದಳು, ಹೊಡೆದವನನ್ನು. ನನ್ನ ಕಣ್ಣು ತುಂಬಿತು. ಐವತ್ತೆಂಟು ವರ್ಷದ ಹೋಟೆಲ್ ಮಾಲೀಕ, ಅರ್ಧ ಮೊಹಲ್ಲಾದ ಎದುರು, ಹೆಂಡತಿಯ ಎದುರು, ಒಂದು ಕುದುರೆಗಾಗಿ ಗೊಳೋ ಎಂದು ಅತ್ತರೆ ಏನು ಮರ್ಯಾದೆ? ಮುಖ ಅಡಗಿಸಲು ಸುತ್ತಮುತ್ತ ಒಂದು ಗೋಡೆಯೂ ಇರಲಿಲ್ಲ. ಕಂಡದ್ದು ಟೆಂಪೋ ಒಂದೇ. ಕೈಯಲ್ಲಿದ್ದ ಹಗ್ಗ ಬಿಟ್ಟು ಹಲಗೆ ಹತ್ತಿ ಒಳಗೆ ಹೋದೆ, ತೀರಾ ಮುಂದಿನ ಮೂಲೆಯಲ್ಲಿದ್ದ ಹುಲ್ಲಿನ ಪಿಂಡಿಯ ಮೇಲೆ ಕೂತು, ಹೆಗಲ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಅತ್ತೆ. ಎಷ್ಟು ಹೊತ್ತೆಂದು ಗೊತ್ತಿಲ್ಲ. ಹೊರಗೆ ಮಾತು ನಿಂತದ್ದೂ ನನಗೆ ತಿಳಿಯಲಿಲ್ಲ. ಹಲಗೆಯ ಮೇಲೆ ಧಪ್ ಧಪ್ ಎಂದು ಸದ್ದಾಯಿತು, ಟೆಂಪೋ ಒಂದು ಬದಿಗೆ ವಾಲಿತು, ಬಿಸಿ ಉಸಿರು ನನ್ನ ಕಿವಿಗೆ ತಾಗಿತು. ಅವಳ ಮೂಗು ನನ್ನ ಅಂಗಿಯ ಕಿಸೆಯ ತನಕ ಬಂತು. ಅಲ್ಲಿ ನಿಂತಿತು, ಕಿಸೆಯನ್ನು ಮುಟ್ಟಲಿಲ್ಲ. ಕಿಸೆಯಲ್ಲಿ ಬೆಲ್ಲವಿರಲಿಲ್ಲ. ಅವಳ ಕತ್ತಿಗೆ ಹಣೆ ಇಟ್ಟು ತುಳುವಿನಲ್ಲಿ ತಪ್ಪಾಯಿತು ಎಂದೆ, ಒಂದೇ ಸಲ, ಮೆಲ್ಲಗೆ.

ಆ ಮಟ್ಟಿಗೆ ನಾನು ಒಳ್ಳೆಯವನೇ. ಮುಂದಿನದೇ ಕಷ್ಟ. ಕಣ್ಣೊರೆಸಿಕೊಂಡು ಹೊರಗೆ ಇಣುಕಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ‘ನಾನು ಹೇಳಲಿಲ್ಲವಾ, ಮಾಲೀಕ ಮುಂದೆ ನಡೀಬೇಕು ಅಂತ’ ಎಂದರು ಸಾವಂತ್ ಮಾಮಾ. ಅವರು ಹಾಗೆ ಹೇಳಿರಲೇ ಇಲ್ಲ. ‘ಪ್ರೆಶರ್ ಬಿಟ್ಟುಬಿಟ್ರಿ ನೋಡಿ, ಬ್ಯೂಟಿಫುಲ್’ ಎಂದರು ಮೇಡಂ. ವಾರಿಜಾ, ‘ಕಣ್ಣು ಎಂತ ಕೆಂಪು?’ ಎಂದು ಕೇಳಿದಳು. ‘ಹುಲ್ಲಿನ ಧೂಳು’ ಎಂದೆ. ಆಮೇಲೆ ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವ ಹಾಗೆ, ‘ಅದೊಂದು ಟೆಕ್ನಿಕ್. ಕಡೆಗೆ ಉಪಯೋಗಿಸೋಣ ಅಂತ ಇಟ್ಟುಕೊಂಡಿದ್ದೆ’ ಎಂದು ಹೇಳಿಬಿಟ್ಟೆ. ಬಾಯಿಂದ ಅದು ಹೇಗೆ ಬಂತೋ ದೇವರಿಗೇ ಗೊತ್ತು. ವಿಠ್ಠಲವಾಡಿಯವನು ಬೈಕ್ ಶುರು ಮಾಡಿಕೊಂಡು ಹೊರಟುಹೋದ. ಮಲ್ಲಪ್ಪ ನನ್ನನ್ನು ಒಮ್ಮೆ ನೋಡಿ, ಹಲಗೆ ಎತ್ತಿ ಬಾಗಿಲು ಹಾಕಿದ.

ಈಗ ಶೇವಂತಿ ಟಿಟ್ವಾಳಾದಲ್ಲಿ ಚೆನ್ನಾಗಿದ್ದಾಳೆ. ಲೋಕಲ್ ರೈಲು ಹಿಡಿದು ಹೋಗಿ ಬರುತ್ತೇನೆ, ಸಲಹೆಗಳನ್ನು ಸಾಂಬಾರಿನವರ ಸಾಲಿಗೆ ಸೇರಿಸಿದ್ದೇನೆ. ಆದರೆ ನನ್ನ ಟೆಕ್ನಿಕ್ಕಿನ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಕಳೆದ ವಾರ ಮೊಮ್ಮಕ್ಕಳಿಗೆಂದು ತಟ್ಟು ಕುದುರೆ ಕೊಂಡ ಒಬ್ಬ ನಿವೃತ್ತ ಮಾಸ್ತರರು ನನ್ನನ್ನು ಹುಡುಕಿಕೊಂಡು ಶೆಡ್ಡಿಗೆ ಬಂದರು. ಅವರದೂ ಟೆಂಪೋ ಹತ್ತುವುದಿಲ್ಲವಂತೆ. ಪಾಪ, ಮುಖ ಬಾಡಿಹೋಗಿತ್ತು, ತಮಗೆ ಕಾನ್ಫಿಡೆನ್ಸ್ ಇಲ್ಲ ಎಂದು ಅವರೇ ಹೇಳಿಕೊಂಡರು. ನಾನು ಮುಕ್ಕಾಲು ಗಂಟೆ ವಿವರಿಸಿದೆ. ಮೊದಲು ಹಗ್ಗ ಬಿಡಬೇಕು, ತಾನೇ ಒಳಗೆ ಹೋಗಿ ಬೆನ್ನು ಹಾಕಿ ಕೂರಬೇಕು, ಎಂಟು ನಿಮಿಷ. ಎಂಟು ಎಂದು ನನಗೆ ಯಾರು ಹೇಳಿದರು? ಮಾಸ್ತರರು ಎಲ್ಲವನ್ನೂ ಸಣ್ಣ ಪುಸ್ತಕದಲ್ಲಿ ಅಂಕಿ ಹಾಕಿ ಬರೆದುಕೊಂಡರು. ಆಮೇಲೆ ಪೆನ್ನು ಎತ್ತಿ, ‘ಆ ಎಂಟು ನಿಮಿಷ ಒಳಗೆ ಕೂತು ಏನು ಮಾಡಬೇಕು?’ ಎಂದು ಕೇಳಿದರು.

‘ಏನೂ ಇಲ್ಲ, ಸುಮ್ಮನೆ ಕೂತರಾಯಿತು’ ಎಂದೆ.

ಅವರು ಅದನ್ನೂ ಬರೆದುಕೊಂಡರು. ಶೇವಂತಿ ನನ್ನ ಹೆಗಲಿಗೆ ತಾಗಿಕೊಂಡೇ ನಿಂತಿದ್ದಳು. ಅವಳ ಕಡೆ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.