ಬಾಲವಿಲ್ಲದವರ ಮಾವ

ನಮ್ಮ ಸೋದರಮಾವನಿಗೆ ಮನುಷ್ಯರ ಬಗ್ಗೆ ಕೆಟ್ಟ ಅಭಿಪ್ರಾಯವೇನೂ ಇಲ್ಲ. ಚಿಂಪಾಂಜಿಗಳಿಗಿಂತ ನಾವು ತುಸು ಕಡಿಮೆ ಎನ್ನುತ್ತಾನೆ, ಅಷ್ಟೇ. ಅದಕ್ಕೆ ನಾವು ಮುಖ ಸಣ್ಣದು ಮಾಡಿಕೊಂಡರೆ, "ಕಲಿಸುದ್ರೆ ಕಲಿತೀರಿ ಬುಡಿ" ಎಂದು ಸಮಾಧಾನ ಹೇಳುವವನೂ ಅವನೇ!

ಕೌದಳ್ಳಿಯಲ್ಲಿ ಹುಟ್ಟಿ ಎಮ್ಮೆ ಮೇಯಿಸಿಕೊಂಡಿದ್ದವನಿಗೆ ಚಿಂಪಾಂಜಿ ಎಲ್ಲಿ ಗಂಟುಬಿತ್ತು ಎಂದು ನೀವು ಕೇಳಬಹುದು. ಬೋರ್‌ವೆಲ್ ಲಾರಿಯಿಂದ. ಪಾಲಾರ್ ದಾಟಿ ತಮಿಳುನಾಡಿನ ಕಡೆ ಹೋದರೆ ಬೋರ್‌ವೆಲ್ ಲಾರಿ ಇಟ್ಟವರು ಬೇಕಾದಷ್ಟು ಜನ ಸಿಗುತ್ತಾರೆ. ಅವರಲ್ಲೊಬ್ಬರ ಲಾರಿಗೆ ಹೆಲ್ಪರ್ ಆಗಿ ಸೇರಿದ ಮಾವ, ಆ ಲಾರಿ ಹಡಗು ಹತ್ತಿ ಆಫ್ರಿಕಾಕ್ಕೆ ಹೋದಾಗ ತಾನೂ ಹಿಂದೆಯೇ ಹೋದ. ಆ ದೇಶದ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಿಗೂ ನೆಟ್ಟಗೆ ಬರುವುದಿಲ್ಲ. ಆಫ್ರಿಕಾ ಎಂದರೆ ಸಾಕು, ನಮ್ಮೂರು ಹನೂರಿನಲ್ಲಿ ಅದಕ್ಕಿಂತ ಹೆಚ್ಚಿನ ವಿವರವನ್ನು ಯಾರೂ ಕೇಳಿಲ್ಲ.

ಅಲ್ಲಿ ಚಿಂಪಾಂಜಿಗಳ ಆಶ್ರಯಧಾಮವೊಂದಕ್ಕೆ ಬೋರ್ ಕೊರೆಯುವ ಕೆಲಸ ಬಂತಂತೆ. ತಾಯಿಯನ್ನು ಕೊಂದು ಹಿಡಿದು ಮಾರಿದ ಮರಿಗಳು, ಹೋಟೆಲಿನ ಮುಂದೆ ಸರಪಳಿ ಹಾಕಿ ಗಿರಾಕಿಗಳಿಗೆ ತೋರಿಸುತ್ತಿದ್ದಂಥವು, ಸರ್ಕಸ್ಸಿನವರು ಸಾಕಾಯಿತೆಂದು ಬಿಟ್ಟಂಥವು, ಇವನ್ನೆಲ್ಲ ಬಿಡಿಸಿ ತಂದು ಸಾಕುವ ಜಾಗ ಅದು. ನೀರು ಬಿತ್ತು, ಲಾರಿ ಮುಂದಿನ ಊರಿಗೆ ಹೊರಟಿತು, ಮಾವ ಮಾತ್ರ ಹೊರಡಲಿಲ್ಲ. ಯಾಕೆ ಎಂದು ನಾನೊಮ್ಮೆ ಕೇಳಿದೆ.

"ಲಾರಿ ಹತ್ತೋ ಒತ್ನಲ್ಲಿ ಒಂದು ಮರಿ ಬಂದು ಕಾಲು ತಬ್ಕಂಡ್ತು ಕಣ್ಲಾ. ಬುಡಿಸ್ಕಳಕ್ಕೆ ಆಗ್ನಿಲ್ಲ."

"ಎಷ್ಟು ಹೊತ್ತು ಮಾವ?"

"ಇಪ್ಪತ್ತು ವರ್ಸ."

ಹೋಗುವಾಗ ತಲೆತುಂಬ ಕೂದಲಿತ್ತು. ಚಿಕ್ಕವನಿದ್ದಾಗ ಅದರ ತುಂಬ ಹೇನಿದ್ದವಂತೆ. ನಮ್ಮ ಅಮ್ಮ, ಅಂದರೆ ಅವನ ಅಕ್ಕ, ಕೌದಳ್ಳಿಯ ಮನೆ ಜಗುಲಿಯ ಮೇಲೆ ಅವನನ್ನು ಮೊಣಕಾಲ ನಡುವೆ ಅಮುಕಿ ಕೂರಿಸಿಕೊಂಡು ಹೇನು ತೆಗೆದದ್ದನ್ನು ಮದುವೆ ಮುಂಜಿಗಳಲ್ಲೆಲ್ಲ ಹೇಳಿ ನಗಿಸುತ್ತಿದ್ದಳು. ಬರುವಾಗ ಮಾವನ ತಲೆ ಅಂಗೈಯಷ್ಟು ನುಣ್ಣಗಿತ್ತು. ಚಿಂಪಾಂಜಿಗಳು ಒಂದರ ತಲೆ ಇನ್ನೊಂದು ನೋಡುತ್ತವಂತೆ. ಇವನದನ್ನೂ ದಿನಾ ನೋಡಿ, ಕೆದಕಿ, ಕಿತ್ತು ನುಣ್ಣಗೆ ಮಾಡಿಬಿಟ್ಟವು. "ಪ್ರೀತಿ ವಸಿ ಜಾಸ್ತಿಯಾಗೋಯ್ತು" ಎನ್ನುತ್ತಾನೆ.

ಅವನು ಹಿಂತಿರುಗಿದ್ದು ನಗುವ ಹೊತ್ತಿನಲ್ಲಲ್ಲ. ನಮ್ಮ ಅಪ್ಪ ತೀರಿಕೊಂಡು, ತಿಥಿ ಮುಗಿದು, ನೆಂಟರು ಖಾಲಿಯಾಗಿದ್ದರು. ಅಮ್ಮ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಮಾತು ಬಿಟ್ಟಿದ್ದಳು, ಊಟವನ್ನೂ ಬಿಟ್ಟಿದ್ದಳು. ಹನೂರಿನ ಸಂತೆಯಲ್ಲಿ ಅವಳ ಬಾಯಿಗೆ ಹೆದರಿ ಸೊಪ್ಪಿನವರು ಒಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದ ಕಾಲವಿತ್ತು. ಈಗ ಎರಡು ಗುಟುಕು ಕಾಫಿ ಕುಡಿಸಬೇಕಾದರೆ ನನ್ನ ಹೆಂಡತಿ ಅಳುವಂತಾಗುತ್ತಿತ್ತು. ಕೊಳ್ಳೇಗಾಲದ ಡಾಕ್ಟರು ನೋಡಿ, ಮೈಯಲ್ಲಿ ಕಾಯಿಲೆಯೇನೂ ಇಲ್ಲ, ಆದರೆ ಹೀಗೇ ಬಿಟ್ಟರೆ ಉಳಿಯುವುದು ಕಷ್ಟ, ಇನ್ನೊಂದು ವಾರ ನೋಡಿ ಮೈಸೂರಿಗೆ ಸೇರಿಸಿ, ಮೂಗಿನಲ್ಲಿ ನಳಿಗೆ ಹಾಕಿ ಆಹಾರ ಕೊಡಬೇಕಾಗುತ್ತದೆ ಎಂದರು. ಅಷ್ಟರಲ್ಲಿ ಮಾವ ಮರುದಿನವೇ ಬರುತ್ತಾನೆಂದು ಸುದ್ದಿ ಬಂತು. ತಮ್ಮನನ್ನು ಕಂಡರೆ ಅಮ್ಮ ಎದ್ದು ಕೂರುತ್ತಾಳೆ ಎಂದು ನಾವೆಲ್ಲ ಆಸೆ ಇಟ್ಟುಕೊಂಡೆವು.

ಅಕ್ಕನನ್ನು ತಬ್ಬಿಕೊಂಡು ಗೋಳಾಡುತ್ತಾನೆಂದು ಬೀದಿಯವರೂ ಬಂದು ನಿಂತಿದ್ದರು. ಮಾವ ಬ್ಯಾಗನ್ನು ಜಗುಲಿಯ ಮೇಲಿಟ್ಟ. ಹೊಸ್ತಿಲ ಬಳಿ ಕುಕ್ಕರುಗಾಲಲ್ಲಿ ಕೂತು "ಊ... ಊ..." ಎಂದು ಮೆಲ್ಲಗೆ ಸದ್ದು ಮಾಡಿದ. ಆಮೇಲೆ ಬೆರಳುಗಳನ್ನು ಒಳಕ್ಕೆ ಮಡಚಿ, ಮಣಿಕಟ್ಟಿನ ಹಿಂಭಾಗವನ್ನು ಅಮ್ಮನ ಕಡೆ ಚಾಚಿದ. ಅಮ್ಮ ಒಂದು ಸಲ ತಿರುಗಿ ನೋಡಿ ಮತ್ತೆ ಗೋಡೆಯ ಕಡೆ ಹೊರಳಿದಳು. "ಸರಿ" ಎಂದು ತಲೆಯಾಡಿಸಿ ಮಾವ ಕಾಲು ತೊಳೆಯಲು ಹೋದ. ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಚದುರಿದರು.

ಹೊಸ ಚಿಂಪಾಂಜಿಗೆ ಬೆರಳು ಚಾಚಬಾರದಂತೆ, ಕಚ್ಚಿದರೆ ಹೋಯಿತು. ಈ ಪಾಠ ಕಲಿತ ಗುರುತಾಗಿ ಅವನ ಎಡಗೈಯಲ್ಲಿ ಒಂದು ಬೆರಳಿನ ತುದಿಯೇ ಇಲ್ಲ. ಅಂದಮೇಲೆ ನಮಗೆ ಯಾರಿಗಾದರೂ ಅವನು ಬೆರಳು ಕೊಡುತ್ತಾನೆಯೇ?

ಅಲ್ಲಿನ ಇನ್ನೊಂದು ಕಟ್ಟಳೆ ಎರಡು ಬಾಗಿಲಿನದು. ಒಂದು ಬಾಗಿಲಿಗೆ ಚಿಲಕ ಬೀಳದೆ ಇನ್ನೊಂದನ್ನು ತೆರೆಯುವ ಹಾಗಿಲ್ಲ. ಸಂಜೆ ಎಲ್ಲ ಒಳಗೆ ಬಂದವೋ ಎಂದು ಎಣಿಸಿ, ಲೆಕ್ಕ ಸರಿಹೋದ ಮೇಲೇ ಕಾವಲಿನವರು ಮನೆಗೆ ಹೋಗಬೇಕು. ನಮ್ಮ ಮನೆಗೆ ಬೀದಿಯ ಕಡೆ ಒಂದು ಗ್ರಿಲ್ ಗೇಟು, ಒಳಗೆ ಒಂದು ಮರದ ಬಾಗಿಲು, ನಡುವೆ ಚಪ್ಪಲಿ ಬಿಡುವಷ್ಟು ಜಾಗ. ಮಾವನಿಗೆ ಇದಕ್ಕಿಂತ ಇನ್ನೇನು ಬೇಕು! ಅಪ್ಪನ ತಮ್ಮ, ಯಳಂದೂರಿನ ಚಿಕ್ಕಪ್ಪ, ಬಹಳ ಮರ್ಯಾದಸ್ಥರು. ಇಸ್ತ್ರಿ ಕೆಡುತ್ತದೆಂದು ಬಸ್ಸಿನಲ್ಲಿ ನಿಂತೇ ಬರುವವರು. ಅವರು ಅಮ್ಮನನ್ನು ನೋಡಲು ಬಂದ ಸಂಜೆ ಮಾವ ಗೇಟು ತೆರೆದು ಒಳಗೆ ಬಿಟ್ಟುಕೊಂಡು, ಗೇಟಿಗೆ ಬೀಗ ಹಾಕಿ, ಅವರನ್ನು ಅಲ್ಲೇ ಚಪ್ಪಲಿಗಳ ನಡುವೆ ನಿಲ್ಲಿಸಿ, ತಾನು ಮಾತ್ರ ಒಳಗೆ ಬಂದು ಮರದ ಬಾಗಿಲು ಹಾಕಿಕೊಂಡ. ನಮ್ಮನ್ನೆಲ್ಲ ಬೆರಳು ಮಡಚಿ ಎಣಿಸತೊಡಗಿದ. ಹೊರಗೆ ಚಿಕ್ಕಪ್ಪ ಬಾಗಿಲು ಬಡಿಯುತ್ತಲೇ ಇದ್ದರು.

"ಏನ್ ಭಾವ, ನನ್ನ ಒಳೀಕೆ ಬುಡ್ತೀರೋ ಇಲ್ವೋ?"

"ವಸಿ ತಡ್ಕಳಿ ಭಾವ. ಲೆಕ್ಕಕ್ಕೆ ಒಂದು ಜಾಸ್ತಿ ಬತ್ತಾ ಅದೆ."

ಅವತ್ತಿನಿಂದ ಚಿಕ್ಕಪ್ಪ ಫೋನಿನಲ್ಲೇ ಅಮ್ಮನ ಆರೋಗ್ಯ ವಿಚಾರಿಸುತ್ತಾರೆ.

ಹಣ್ಣು ಹಂಚುವುದರಲ್ಲೂ ಅವನದು ಅಲ್ಲಿಯದೇ ಕ್ರಮ. ಗುಂಪಿಗೆ ಯಜಮಾನ ಯಾರೆಂದು ತಿಳಿದು ಅವನಿಗೆ ಮೊದಲು ಕೊಡಬೇಕು, ಇಲ್ಲದಿದ್ದರೆ ಜಗಳ ಹತ್ತುತ್ತದೆ. ಬಂದ ಹೊಸದರಲ್ಲಿ ಮಾವ ಮೂಲೆಯಲ್ಲಿ ಕೂತು ನಮ್ಮನ್ನೆಲ್ಲ ಗಮನಿಸಿದ. ಬಸ್ ಸ್ಟ್ಯಾಂಡಿನ ಪಕ್ಕ ಪುಸ್ತಕದ ಅಂಗಡಿ ಇಟ್ಟು ಈ ಮನೆಯನ್ನು ನಡೆಸುತ್ತಿರುವವನು ನಾನು. ಹಾಗಾಗಿ ಅವನು ಬಾಳೆಗೊನೆ ಹಿಡಿದು ಎದ್ದಾಗ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ಅವನು ನನ್ನನ್ನು ದಾಟಿ ಹೋಗಿ ಮೊದಲ ಹಣ್ಣನ್ನು ನನ್ನ ಹೆಂಡತಿಗೆ ಕೊಟ್ಟ. ನನ್ನ ಸರದಿ ಹಾಲು ತರುವ ಹೆಂಗಸಿನ ನಂತರ ಬಂತು. ಇದರಿಂದ ಮನೆಯಲ್ಲಿ ಜಗಳ ಕಡಿಮೆಯಾಯಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಅಮ್ಮನ ಪಾಲಿನ ಹಣ್ಣನ್ನು ಅವಳ ಮುಖ ನೋಡದೆ ದಿಂಬಿನ ಪಕ್ಕ ಇಡುತ್ತಿದ್ದ. ಸಂಜೆಯ ಹೊತ್ತಿಗೆ ಅದು ಅಲ್ಲೇ ಕಪ್ಪಾಗಿರುತ್ತಿತ್ತು.

ತಟ್ಟೆಯಲ್ಲಿಟ್ಟ ಊಟಕ್ಕೆ ಚಿಂಪಾಂಜಿಗಳಿಗೆ ಬೇಜಾರು ಬರುತ್ತದಂತೆ. ಅದಕ್ಕೇ ಹುಲ್ಲಿನಲ್ಲಿ ಚೆಲ್ಲಿ, ಮರದ ತೂತಿಗೆ ಜೇನು ಸವರಿ, ಬಟ್ಟೆಯಲ್ಲಿ ಗಂಟು ಕಟ್ಟಿ ಬಚ್ಚಿಡುತ್ತಾರೆ. ಹುಡುಕಿ ತಿಂದರೆ ಬದುಕುವ ಆಸೆ ಬರುತ್ತದೆ ಎಂದು ಮಾವ ಸಂತೆಯಿಂದ ಒಂದು ಚೀಲ ಕಡಲೆಕಾಯಿ ತಂದು ಅಮ್ಮನ ಕೈಗೆ ಎಟಕುವಲ್ಲೆಲ್ಲ ಬಚ್ಚಿಟ್ಟ. ಗೋಡೆಯ ಗೂಡಿನಲ್ಲಿ, ಮಂಚದ ಸಂದಿಯಲ್ಲಿ, ಹಿತ್ತಲಿನ ಒಗೆಯುವ ಕಲ್ಲಿನ ಅಡಿಯಲ್ಲಿ. ಅಮ್ಮ ಒಂದನ್ನೂ ಹುಡುಕಲಿಲ್ಲ. ನನ್ನ ಚಪ್ಪಲಿಯೊಳಗೆ ನನಗೆ ಎರಡು ಸಿಕ್ಕವು. ಉಳಿದದ್ದನ್ನು ಬೀದಿಯ ಕೋತಿಗಳು ಪತ್ತೆಹಚ್ಚಿದವು.

ಆ ಮಧ್ಯಾಹ್ನದ ಕತೆಯನ್ನು ಹೇಳದಿರುವುದೇ ವಾಸಿ. ಕೋತಿಗಳ ದಂಡು ಹೆಂಚು ಸರಿಸಿ ಒಳಗಿಳಿಯಿತು. ಹಿಟ್ಟಿನ ಡಬ್ಬ ಉರುಳಿತು, ಅಪ್ಪನ ಫೋಟೋಕ್ಕೆ ಹಾಕಿದ್ದ ಹಾರವನ್ನು ಒಂದು ಮರಿ ಕೊರಳಿಗೆ ಹಾಕಿಕೊಂಡು ಓಡಿತು. ನನ್ನ ಹೆಂಡತಿ ಪೊರಕೆ ಹಿಡಿದು, "ಮಾವ, ಏನಾರ ಮಾಡಿ, ನಿಮಗೆ ಗೊತ್ತಲ್ಲ ಇವೆಲ್ಲ" ಎಂದು ಗೋಗರೆದಳು. ಮಾವ ನಮಗಿಂತ ಮೊದಲೇ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ.

"ಇವು ಬಾಲ ಇರೋವು ಕಣವ್ವ. ನಂದು ಬಾಲ ಇಲ್ದೋವು."

ಅಮ್ಮ ಗೋಡೆಯ ಕಡೆಯಿಂದ ತಿರುಗಲೇ ಇಲ್ಲ. ನಮಗೆ ನಗು ಬಂದಿದ್ದರೂ ನಗಲಾಗದೆ ಹಿಟ್ಟು ಗುಡಿಸಿದೆವು.

ಇದಾದ ಮೇಲೆ ಮಾವ ಬೇರೊಂದು ವರಸೆ ಶುರು ಮಾಡಿದ. ಬೆಳಿಗ್ಗೆ ಬಿಸಿಲು ಬರುತ್ತಲೇ ಅಮ್ಮನ ಮಂಚವನ್ನು ಹಿತ್ತಲಿಗೆ ಹಾಕಿಸಿ ಅವಳನ್ನು ಅಲ್ಲಿ ಮಲಗಿಸಲು ಹೇಳಿದ. ಮಂಚದ ಪಕ್ಕದಲ್ಲೇ ನೆಲದ ಮೇಲೆ, ಅವಳಿಗೆ ಬೆನ್ನು ತಿರುಗಿಸಿ ಕೂತ. ಮಡಿಲಲ್ಲಿ ಕಡಲೆಕಾಯಿ. ಒಂದೊಂದಾಗಿ ಸುಲಿದು, ಚಪ್ಪರಿಸಿಕೊಂಡು, ಮಧ್ಯಾಹ್ನದವರೆಗೆ ತಿಂದ. ಮಾತಿಲ್ಲ, ಕತೆಯಿಲ್ಲ, ತಿರುಗಿ ನೋಡುವುದೂ ಇಲ್ಲ. ಮರುದಿನವೂ ಅದೇ. ಅಕ್ಕ ಉಪವಾಸ ಬಿದ್ದಿರುವಾಗ ಅವಳಿಗೆ ಬೆನ್ನು ಹಾಕಿ ಕಡಲೆಕಾಯಿ ತಿನ್ನುವ ತಮ್ಮನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಬೇಲಿಯಾಚೆಯಿಂದ ಅಕ್ಕಪಕ್ಕದವರು ಇಣುಕುತ್ತಿದ್ದರು. ನನ್ನ ಹೆಂಡತಿ ಅವನೊಂದಿಗೆ ಮಾತು ಬಿಟ್ಟಳು. ನನಗೂ ಸಿಟ್ಟು ಬಂತು.

"ಏನ್ ಮಾವ ಇದು? ಎದುರಿಗೆ ಕೂತು ನಾಲ್ಕು ಮಾತು ಹೇಳಿ ಒಂದು ತುತ್ತು ತಿನ್ನಿಸಬಾರದಾ?"

"ಎಲ್ರೂ ಅದ್ನೇ ಅಲ್ವಾ ಮಾಡಿದ್ದು? ತಿಂದ್ಲಾ?"

ಅವನು ಸಿಪ್ಪೆ ಕೊಡವಿಕೊಂಡು ಹೇಳಿದ. "ಅಲ್ಲಿ ಓಟ್ಲು ಮುಂದೆ ಕಟ್ಟಾಕಿದ್ದ ಒಂದು ಎಣ್ಣು ಚಿಂಪಾಂಜಿ ಬಂದಿತ್ತು. ಹಿಂಗೇ, ಗೋಡೆ ಕಡೆ ಮಕ. ತಿನ್ನು ತಿನ್ನು ಅಂತ ಎದುರ್ಗೋದ್ರೆ ಇನ್ನೂ ಒಳೀಕ್ ಓಯ್ತಿತ್ತು. ಬೆನ್ನಾಕಂಡು ಕೂತ್ಕಂಡು ನಾವು ತಿನ್ಬೇಕು. ಕಾಯ್ಬೇಕು. ಅದಾಗೆ ಬಂದು ನಮ್ ತಲೆ ನೋಡಕ್ಕೆ ಕೈಯಾಕ್ತು ಅನ್ನು, ಉಳ್ಕಂತು ಅಂತ ತಿಳ್ಕಬೇಕು."

"ಆ ಹೆಣ್ಣು ಉಳೀತಾ?"

"ಅದೇ ಕಣ್ಲಾ ನನ್ ಕೂದ್ಲು ಪೂರ್ತಿ ಕಿತ್ತಿದ್ದು."

"ಅಮ್ಮ ಚಿಂಪಾಂಜಿ ಅಲ್ಲ ಮಾವ."

"ಗೊತ್ತು. ಅದ್ಕೇ ತಡವಾಯ್ತಾ ಅದೆ."

ಡಾಕ್ಟರು ಹೇಳಿದ್ದ ವಾರ ತೀರುತ್ತಾ ಬಂತು. ನಾನು ಮೈಸೂರಿಗೆ ಕಾರು ಗೊತ್ತುಮಾಡಿದೆ. ಹೆಂಡತಿ ಅಮ್ಮನ ಎರಡು ಸೀರೆ, ಹೊದಿಕೆ, ಚೊಂಬು ಎಲ್ಲ ಬ್ಯಾಗಿಗೆ ತುಂಬಿಟ್ಟಳು. ಮಾವನಿಗೆ ಹೇಳಿದಾಗ ಬೇಡ ಎನ್ನಲಿಲ್ಲ. "ಕಾರು ಬರಗಂಟ ಕೂತಿರ್ತೀನಿ" ಎಂದಷ್ಟೇ ಹೇಳಿ ಕಡಲೆಕಾಯಿ ಕಟ್ಟಿಕೊಂಡು ಹಿತ್ತಲಿಗೆ ಹೋದ. ಅವನ ಮುಖ ಬಾಡಿತ್ತು. ಅಷ್ಟು ಹೊತ್ತಿಗೆ ಅವನಿಗೂ ನಂಬಿಕೆ ಹೋಗಿತ್ತು ಎಂದು ನನಗೆ ಅನಿಸುತ್ತದೆ.

ಕಾರು ಬಂದು ಗೇಟಿನ ಮುಂದೆ ನಿಂತಿತು. ಅಮ್ಮನನ್ನು ಎಬ್ಬಿಸಲು ನಾನು ಹಿತ್ತಲ ಬಾಗಿಲಿಗೆ ಹೋದೆ, ಅಲ್ಲೇ ನಿಂತೆ.

ಅಮ್ಮ ಎದ್ದು ಕೂತಿದ್ದಳು. ಕಾಲುಗಳನ್ನು ಮಂಚದಿಂದ ಕೆಳಗೆ ಬಿಟ್ಟಿದ್ದಳು, ಅವುಗಳ ನಡುವೆ ಮಾವನ ಬೆನ್ನಿತ್ತು. ಅವಳ ಸೆರಗಿನ ಮೇಲೆ ಕಡಲೆಕಾಯಿ ಸಿಪ್ಪೆಗಳು ಬಿದ್ದಿದ್ದವು. ಬಾಯಿ ಮೆಲ್ಲಗೆ ಅಗಿಯುತ್ತಿತ್ತು. ಎರಡೂ ಕೈ ಮಾವನ ತಲೆಯ ಮೇಲಿದ್ದವು. ಬೆರಳುಗಳು ನುಣ್ಣನೆಯ ತಲೆಯನ್ನು ಕಿವಿಯ ಹಿಂದಿನಿಂದ ನೆತ್ತಿಯವರೆಗೆ ಸರಿಸರಿಸಿ ನೋಡುತ್ತಿದ್ದವು. ಮಾವ ಅಲುಗಾಡದೆ ಕೂತಿದ್ದ. ಅಮ್ಮನಿಗೆ ಅವನ ಮುಖ ಕಾಣುವಂತಿರಲಿಲ್ಲ, ನನಗೆ ಕಾಣುತ್ತಿತ್ತು. ಕಣ್ಣೀರು ಗಲ್ಲದಿಂದ ಅಂಗಿಯ ಮೇಲೆ ಇಳಿಯುತ್ತಿತ್ತು. ನನಗೂ ಅಳು ತಡೆಯಲಾಗಲಿಲ್ಲ.

ಹೊರಗೆ ಡ್ರೈವರ್ ಹಾರನ್ ಹೊಡೆದ. ಅಪ್ಪ ಹೋದಮೇಲೆ ಅಮ್ಮ ಆಡಿದ ಮೊದಲ ಮಾತು ಆಗ ಕೇಳಿಸಿತು.

"ಏನ್ಲಾ, ಒಂದ್ ಕೂದ್ಲೂ ಉಳಿಸ್ಕಂಡಿಲ್ವಲ್ಲೋ. ಇನ್ನೇನ್ ಉಡುಕ್ಲಿ ನಾನು?"

"ಉಡುಕಕ್ಕ" ಎಂದ ಮಾವ, ತಿರುಗದೆ. "ಸಿಕ್ತದೆ."

ಅಮ್ಮ ಮತ್ತೆ ಹುಡುಕತೊಡಗಿದಳು. ನಾನು ಡ್ರೈವರಿಗೆ ಬೇಡವೆಂದು ಹೇಳಲು ಹೊರಗೆ ಹೋದೆ.